ಶನಿವಾರದ ಮಿಠಾಯಿ

ಸ್ವೀಡನ್ನಿನ ದಕ್ಷಿಣ ಭಾಗದ ಲುಂಡ್, ವಿಶ್ವವಿದ್ಯಾನಿಲಯದ ಊರು. ಇಲ್ಲಿನ ವಿಪೆಹೋಲ್ಮ್ ಆವರಣದಲ್ಲಿ ಈಗ ಹದಿಹರೆಯದವರ ಶಾಲೆಯಿದೆ. ಹಿಂದೆ ಅದು ಬುದ್ಧಿಮಾಂದ್ಯರ ಆಸ್ಪತ್ರೆ. 1940ರ ದಶಕದ ಕೊನೆಯಲ್ಲಿ ಅಲ್ಲಿನ ರೋಗಿಗಳಿಗೆ ಹಲ್ಲಿಗಂಟುವ ಟಾಫಿ ತಿನ್ನಿಸಿ ನೋಡಿದರು. ಅವರ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ. ಇಂದಾದರೆ ಯಾವ ವೈದ್ಯರೂ ಹೀಗೆ ಮಾಡುವಂತಿಲ್ಲ.

ಊಟದೊಂದಿಗೆ ಸಕ್ಕರೆ ತಿಂದವರ ಹಲ್ಲು ಅಷ್ಟೇನೂ ಕೆಡಲಿಲ್ಲ. ಊಟಗಳ ನಡುವೆ ಮತ್ತೆ ಮತ್ತೆ ಟಾಫಿ ಜಗಿದವರ ಹಲ್ಲು ಮಾತ್ರ ಹುಳುಕು ಹಿಡಿದು ಹಾಳಾಯಿತು. ಸಿಹಿ ಬಾಯಿಗೆ ಬಿದ್ದಾಗಲೆಲ್ಲ ಬ್ಯಾಕ್ಟೀರಿಯಾ ಆಮ್ಲ ಉಂಟುಮಾಡುತ್ತವೆ. ಅದನ್ನು ತಗ್ಗಿಸಲು ಜೊಲ್ಲಿಗೆ ಅರ್ಧ ಗಂಟೆಯಾದರೂ ಬಿಡುವು ಬೇಕು. ದಿನವಿಡೀ ಮೆಲ್ಲುವವರ ಬಾಯಿಗೆ ಆ ಬಿಡುವೆಲ್ಲಿ?

ಇದರ ನಂತರ ಅಧಿಕಾರಿಗಳು ಪೋಷಕರಿಗೆ, ಮಿಠಾಯಿ ವಾರಕ್ಕೊಮ್ಮೆ ಸಾಕು ಎಂದರು. ಇಂದಿಗೂ ಅನೇಕ ಸ್ವೀಡಿಷ್ ಮಕ್ಕಳು ಅಂಗಡಿಯಲ್ಲಿ ಬಣ್ಣಬಣ್ಣದ ಮಿಠಾಯಿಯನ್ನು ಚೀಲಕ್ಕೆ ತುಂಬಿಕೊಳ್ಳುವುದು ಶನಿವಾರವೇ.