ಅಮ್ಮನ ಮಧ್ಯಾಹ್ನದ ಊಟ

ನಮ್ಮ ಬ್ಯಾಂಕಿನಲ್ಲಿ ನವೆಂಬರ್ ಅಂದರೆ ಪಿಂಚಣಿದಾರರ ತಿಂಗಳು. ‘ನಾನಿನ್ನೂ ಬದುಕಿದ್ದೇನೆ’ ಅಂತ ಜೀವನ ಪ್ರಮಾಣ ಪತ್ರ ಕೊಡಲು ಅಜ್ಜ ಅಜ್ಜಿಯರು ಶಟರ್ ಏಳುವ ಮೊದಲೇ ಬಂದು ನಿಂತಿರುತ್ತಾರೆ. ಕಳೆದ ವರ್ಷ ಸರಿಯಾಗಿ ಬಿದ್ದ ಸಹಿ ಈ ವರ್ಷ ತಾಳೆ ಬೀಳುವುದಿಲ್ಲ. ಪಾಸ್‌ಬುಕ್ ಕೈಯಲ್ಲೇ ಹಿಡಿದುಕೊಂಡು ‘ನನ್ನ ಪಾಸ್‌ಬುಕ್ ಕೊಟ್ಟಿರಾ?’ ಅಂತ ಕೇಳುವವರಿದ್ದಾರೆ. ಕೆಲವೊಮ್ಮೆ ಮನೆಯವರಿಗಿಂತ ಮೊದಲು ನಮಗೇ ಗೊತ್ತಾಗಿಬಿಡುತ್ತದೆ.

2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ನೂರಕ್ಕೆ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಷಿಯಾ ಇದೆ. ಇದನ್ನು ಓದಿದವರಿಗೆಲ್ಲ ಹುಟ್ಟುವ ಪ್ರಶ್ನೆ ಒಂದೇ: ಹಾಗಾದರೆ ಏನು ತಿನ್ನಬೇಕು? ಅಕ್ರೋಟ್ ತಿನ್ನಿ, ತುಪ್ಪ ತಿನ್ನಿ, ಈ ಡಬ್ಬಿಯ ಪುಡಿ ಹಾಲಿಗೆ ಹಾಕಿ ಅಂತ ಮೊಬೈಲಿಗೆ ದಿನಕ್ಕೆ ನಾಲ್ಕು ಸಂದೇಶ ಬರುತ್ತವೆ. ನಾನು ಬಿ.ಕಾಂ. ಓದಿದವನು, ವೈದ್ಯನಲ್ಲ. ನಮ್ಮ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ.

ಅಪ್ಪ ಹೋದ ಮೇಲೆ ಅಮ್ಮ ಕಾರ್ಕಳದ ಕಡೆಯ ಮನೆಗೆ ಬೀಗ ಹಾಕಿ ಕಳವಾಕ್ಕೆ ಬಂದರು. ಅಪ್ಪನಿಗೆ ಇಷ್ಟವಾಗಿದ್ದ ಮೀನನ್ನು ಅಂದೇ ಬಿಟ್ಟರು. ಬೆಳಿಗ್ಗೆ ಲೋಕಲ್ ಹಿಡಿಯಲು ನಾನೂ ಹೆಂಡತಿಯೂ ಹೊರಟರೆ ಮನೆಯಲ್ಲಿ ಅವರೊಬ್ಬರೇ. ಆರೇಳು ವರ್ಷ ಕಳೆದಿರಬೇಕು, ಒಂದೇ ಮಾತನ್ನು ಎರಡೆರಡು ಸಲ ಕೇಳತೊಡಗಿದರು. ‘ಪಾದ ಜುಂ ಅನ್ನುತ್ತದೆ ಮಗಾ’ ಅಂತಲೂ ಹೇಳಿದರು. ಠಾಣೆಯ ವೈದ್ಯರೊಬ್ಬರು ಸ್ಕ್ಯಾನಿಗೆ ಬರೆಯುವ ಮೊದಲು ಕೇಳಿದ್ದು: ‘ಅಜ್ಜಿ, ಮಧ್ಯಾಹ್ನ ಏನು ಊಟ ಮಾಡ್ತೀರಿ?’

ಅಮ್ಮ ನಗುತ್ತಾ ಹೇಳಿದರು, ‘ಒಬ್ಬಳಿಗೆ ಅಂತ ಏನು ಬೇಯಿಸೋದು? ಚಹಾ, ಖಾರಿ ಬಿಸ್ಕತ್ತು. ಇಲ್ಲದಿದ್ರೆ ಗಂಜಿ, ಉಪ್ಪಿನಕಾಯಿ.’

ರಕ್ತ ಪರೀಕ್ಷೆಯಲ್ಲಿ ಬಿ12 ತೀರಾ ಕಡಿಮೆ ಇತ್ತು. ಇದು ಮೀನು, ಮೊಟ್ಟೆ, ಮಾಂಸ, ಹಾಲು, ಮೊಸರಿನಲ್ಲಿ ಸಿಗುವಂಥದ್ದು, ಸೊಪ್ಪು ತರಕಾರಿಯಲ್ಲಿ ಇಲ್ಲ. ಯಕೃತ್ತಿನಲ್ಲಿ ವರ್ಷಗಟ್ಟಲೆಗಾಗುವಷ್ಟು ದಾಸ್ತಾನು ಇರುವುದರಿಂದ ಕೊರತೆ ನಿಧಾನವಾಗಿ ತಲೆದೋರುತ್ತದೆ, ನಮ್ಮ ಭಾಷೆಯಲ್ಲಿ ಹೇಳುವುದಾದರೆ ಹಳೇ ಠೇವಣಿ ಕರಗಿದಂತೆ! ವಯಸ್ಸಾದಂತೆ ಹೊಟ್ಟೆ ಅದನ್ನು ಹೀರಿಕೊಳ್ಳುವುದೂ ಕಡಿಮೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್, ಅಸಿಡಿಟಿಯ ಮಾತ್ರೆಗಳು ಬಹುಕಾಲ ನುಂಗಿದರೆ ಇನ್ನೂ ಕಡಿಮೆ. ಇದರಿಂದ ಬರುವ ಮರೆವು ಮಾತ್ರ ಬೇಗ ಕಂಡುಹಿಡಿದರೆ ಗುಣವಾಗಬಲ್ಲದು. ಅಮ್ಮನ ವ್ರತ ಮುರಿಯಬೇಕಾಗಲಿಲ್ಲ. ಇಂಜೆಕ್ಷನ್, ಆಮೇಲೆ ಮಾತ್ರೆ, ಜೊತೆಗೆ ಹಾಲು ಮೊಸರು. ಕೆಲವು ತಿಂಗಳಲ್ಲಿ ಪಾದದ ಜುಂ ನಿಂತಿತು, ಮಾತು ಚುರುಕಾಯಿತು. ಮರೆವು ಪೂರ್ತಿ ಹೋಯಿತು ಅನ್ನಲಾರೆ, ಅರ್ಧ ಉಳಿದಿದೆ.

ಆಗಿನಿಂದ ನಾನು ಈ ವಿಷಯ ಸಿಕ್ಕಿದಲ್ಲೆಲ್ಲ ಓದತೊಡಗಿದೆ. ಷಿಕಾಗೋದ ರಷ್ ವಿಶ್ವವಿದ್ಯಾಲಯದ ಮಾರ್ಥಾ ಕ್ಲೇರ್ ಮಾರಿಸ್ ಮತ್ತು ಜೊತೆಗಾರರು 2015ರಲ್ಲಿ ‘ಮೈಂಡ್’ ಆಹಾರಕ್ರಮ ಮುಂದಿಟ್ಟರು: ಸೊಪ್ಪು, ಕಾಳು, ಇಡಿ ಧಾನ್ಯ, ಬೀಜಗಳು, ವಾರಕ್ಕೊಮ್ಮೆ ಮೀನು; ಕರಿದದ್ದು, ಸಿಹಿ, ಬೆಣ್ಣೆ ಕಡಿಮೆ. ಹೀಗೆ ತಿನ್ನುವವರಲ್ಲಿ ಆಲ್ಝೈಮರ್ಸ್ ಕಡಿಮೆ ಕಂಡಿತ್ತು. ಆದರೆ 604 ಜನರನ್ನು ಎರಡು ಗುಂಪು ಮಾಡಿ ಮೂರು ವರ್ಷ ಪರೀಕ್ಷಿಸಿದಾಗ, ಈ ಆಹಾರ ತಿಂದವರಿಗೂ ಬರೀ ಮಿತವಾಗಿ ತಿಂದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಇದು 2023ರ ಫಲಿತಾಂಶ. ನಮ್ಮೂರಿನ ಒಂದೆಲಗದ ತಂಬುಳಿಯೂ ಅಷ್ಟೇ, ಜ್ಞಾಪಕಶಕ್ತಿ ಹೆಚ್ಚಿಸುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ರುಚಿಗೆ ತಿನ್ನಿ, ನಾನೂ ತಿನ್ನುತ್ತೇನೆ.

ಹಾಗಾದರೆ ಊಟದಿಂದ ಏನೂ ಇಲ್ಲವೇ? ಇದೆ, ಸ್ವಲ್ಪ ಸುತ್ತುದಾರಿಯಲ್ಲಿ. 2024ರಲ್ಲಿ ಲ್ಯಾನ್ಸೆಟ್ ಪತ್ರಿಕೆಯ ಆಯೋಗ ತಿದ್ದಬಹುದಾದ 14 ಕಾರಣಗಳನ್ನು ಪಟ್ಟಿ ಮಾಡಿತು. ಅವನ್ನೆಲ್ಲ ಸರಿಪಡಿಸಿದರೆ ಡಿಮೆನ್ಷಿಯಾದ ಸುಮಾರು 45 ಶೇಕಡಾ ತಪ್ಪಿಸಲು ಅಥವಾ ಮುಂದೂಡಲು ಸಾಧ್ಯ ಎಂಬುದು ಅದರ ಲೆಕ್ಕ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೆಟ್ಟ ಕೊಲೆಸ್ಟರಾಲ್, ಬೊಜ್ಜು ಅದರಲ್ಲಿವೆ. ಇವು ನಾಲ್ಕಕ್ಕೂ ಅಡುಗೆಮನೆಯ ನಂಟಿದೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಅನ್ನುತ್ತದೆ. ಉಪ್ಪಿನಕಾಯಿ, ಹಪ್ಪಳ, ಒಣಮೀನು ನಂಬಿ ಬೆಳೆದ ನಮ್ಮಂಥವರಿಗೆ ಇದೇ ಕಷ್ಟದ ಮಾತು.

ದುಬಾರಿ ಪದಾರ್ಥವೇನೂ ಬೇಕಿಲ್ಲ. ಇಲ್ಲಿನ ಮಾರ್ಕೆಟ್ಟಿನಲ್ಲಿ ಲಾಲ್ ಮಾಠ್ ಅಂತ ಮಾರುವುದು ನಮ್ಮ ಕೆಂಪು ಹರಿವೆಯೇ, ಶೇಪು ಅಂದರೆ ಸಬ್ಬಸಿಗೆ, ಬಾಂಗಡಾ ಅಂದರೆ ಬಂಗುಡೆ. ಮೀನು ತಿನ್ನುವವರಿಗೆ ಬಂಗುಡೆಯಲ್ಲೇ ಬಿ12, ಒಮೆಗಾ-3 ಎರಡೂ ಸಿಗುತ್ತವೆ. ಹೆಸರು, ಹುರುಳಿ, ಕಡಲೆ ಎಲ್ಲ ಅಂಗಡಿಯಲ್ಲೂ ಇವೆ.

ಲ್ಯಾನ್ಸೆಟ್ ಪಟ್ಟಿಯಲ್ಲಿ ಇನ್ನೂ ಒಂದಿದೆ, ಒಂಟಿತನ. ನಗರಕ್ಕೆ ಕರೆತಂದ ನಮ್ಮ ಹಿರಿಯರಿಗೆ ಭಾಷೆ ಬಾರದು, ಗುರುತಿನವರಿಲ್ಲ, ಎದುರಿಗೆ ಕೂತು ಉಣ್ಣುವವರಿಲ್ಲ. ಈಗ ಕೆಳಗಿನ ಮನೆಯ ಮರಾಠಿ ಆಜಿ ಮಧ್ಯಾಹ್ನ ತಮ್ಮ ಡಬ್ಬಿ ಹಿಡಿದು ಮೇಲೆ ಬರುತ್ತಾರೆ. ಇವರ ಮರಾಠಿ ಅವರಿಗೆ ಅರ್ಧ, ಅವರ ಮರಾಠಿ ಇವರಿಗೆ ಅರ್ಧ ಅರ್ಥವಾಗುತ್ತದೆ. ಆದರೆ ಯಾರೋ ಬರುತ್ತಾರೆ ಅಂತ ಅಮ್ಮ ಒಂದು ಪಲ್ಯ, ಒಂದು ಸಾರು ಮಾಡುತ್ತಾರೆ. ಕುಕ್ಕರಿನ ಸೀಟಿ ಲೆಕ್ಕ ತಪ್ಪುತ್ತದೆ, ಆಜಿ ಎಣಿಸುತ್ತಾರೆ.

ನಿಮ್ಮ ಮನೆಯಲ್ಲೂ ಹಿರಿಯರಿದ್ದರೆ ‘ವಯಸ್ಸಾಯಿತು’ ಅಂತ ಸುಮ್ಮನಾಗುವ ಮೊದಲು ಬಿ12 ಮತ್ತು ಬಿಪಿ ನೋಡಿಸಿ. ಹಾಗೇ, ನೀವು ಆಫೀಸಿಗೆ ಹೋದ ಮೇಲೆ ಅವರ ಬಟ್ಟಲಿಗೆ ಏನು ಬೀಳುತ್ತದೆ ಅಂತಲೂ ಒಮ್ಮೆ ಕೇಳಿ.