ಹಾಡಿನಲ್ಲಿ ಇಸವಿ ಹುಡುಕುತ್ತ ಸುರಪುರಕ್ಕೆ

ಅಮೆರಿಕದ ಜೇಗರ್ ಮತ್ತು ಇವಾನ್ಸ್ ಎಂಬ ಜೋಡಿ 1969ರಲ್ಲಿ ಒಂದು ಹಾಡು ಹಾಡಿತು. ಹಾಡಿನ ಹೆಸರು 'ಇನ್ ದ ಇಯರ್ 2525'. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ಆ ಜುಲೈ ತಿಂಗಳಲ್ಲೇ ಅದು ಅಲ್ಲಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲನೆಯದಾಗಿತ್ತು. ಮುಂದೆ ಪ್ರಿನ್ಸ್ ಎಂಬ ಗಾಯಕ 1982ರಲ್ಲಿ '1999' ಎಂದು ಹಾಡಿದ. ಬ್ರಯಾನ್ ಆಡಮ್ಸ್‌ನ 'ಸಮ್ಮರ್ ಆಫ್ ಸಿಕ್ಸ್ಟಿನೈನ್' ಅಂತೂ ನಮ್ಮ ಕಾಲೇಜು ಹುಡುಗರಿಗೂ ಬಾಯಿಪಾಠ. ಆ ಗಾಯಕ ಹುಟ್ಟಿದ್ದು 1959ರ ನವೆಂಬರಿನಲ್ಲಿ. ಅಂದರೆ ಅರವತ್ತೊಂಬತ್ತರ ಬೇಸಿಗೆಯಲ್ಲಿ ಅವನಿಗೆ ಒಂಬತ್ತು ವರ್ಷ! ಹಾಡಿನ ಇಸವಿಯನ್ನು ಚರಿತ್ರೆಯ ಇಸವಿಯಂತೆ ನಂಬಬಾರದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ನಮ್ಮಲ್ಲಿ ವರ್ಷದ ಬಗ್ಗೆ ಹಾಡಿಲ್ಲವೆಂದಲ್ಲ. ಬೇಂದ್ರೆಯವರ 'ಯುಗಾದಿ' ಕವಿತೆ 1963ರ 'ಕುಲವಧು' ಚಿತ್ರದಲ್ಲಿ ಎಸ್. ಜಾನಕಿಯವರ ಕಂಠದಲ್ಲಿ ಬಂದ ಮೇಲೆ ಅದನ್ನು ಕೇಳದೆ ಕನ್ನಡಿಗರಿಗೆ ಹೊಸ ವರ್ಷವೇ ಬಾರದು. ಆದರೆ ಅದು ಯಾವುದೋ ಒಂದು ವರ್ಷದ ಹಾಡಲ್ಲ, ಎಲ್ಲ ವರ್ಷಗಳದ್ದು. ನಿರ್ದಿಷ್ಟವಾದ ವರ್ಷವನ್ನು ಹೇಳಬೇಕಾದಾಗ ನಮ್ಮ ಹಾಡುಗಾರ ಏನು ಮಾಡುತ್ತಾನೆ? ಈ ಪ್ರಶ್ನೆ ಇಟ್ಟುಕೊಂಡು ತಿರುಗಾಡಲು ಯಾದಗಿರಿ, ಶಹಾಪುರ, ಸುರಪುರದ ಹಾದಿಗಿಂತ ಒಳ್ಳೆಯ ಹಾದಿ ಸಿಕ್ಕುವುದು ಕಷ್ಟ. ಲಾವಣಿ, ಗೀಗೀಪದ, ತತ್ವಪದ, ಮೊಹರಮ್ಮಿನ ರಿವಾಯತ್ ಪದ ಎಲ್ಲವೂ ಇರುವ ನೆಲ ಇದು. ಅದರ ಮೇಲೆ 1857–58ರ ಗಾಯ ಬೇರೆ.

ಯಾದಗಿರಿಯಲ್ಲಿ ರೈಲು ಇಳಿದರೆ ಬಂಡೆಗುಡ್ಡದ ಮೇಲಿನ ಕೋಟೆ ಊರಿನ ನೆತ್ತಿಯ ಮೇಲೆ ಕೂತಂತೆ ಕಾಣುತ್ತದೆ. 2010ರಲ್ಲಿ ಕಲಬುರಗಿಯಿಂದ ಬೇರೆಯಾಗಿ ಜಿಲ್ಲೆಯಾದ ಊರು. ಬಸ್ಸು ಭೀಮಾ ನದಿಯನ್ನು ದಾಟಿ ಶಹಾಪುರದ ಕಡೆ ಹೊರಟರೆ ಎರಡೂ ಕಡೆ ಕರಿ ಎರೆಭೂಮಿ, ತೊಗರಿ, ಹತ್ತಿ. ನಾರಾಯಣಪುರದ ಕಾಲುವೆ ಬಂದ ಮೇಲೆ ಶಹಾಪುರ, ಸುರಪುರದ ಕಡೆ ಭತ್ತದ ಗದ್ದೆಗಳೂ ಎದ್ದಿವೆ. ಈ ಹಸಿರು ನೋಡಿದವರಿಗೆ ಇಲ್ಲಿ ಬರದ ಮಾತು ಕೇಳಿದರೆ ನಂಬಿಕೆ ಬರಲಾರದು. ಆದರೆ ನನಗೆ ಮೊದಲ ಉತ್ತರ ಸಿಕ್ಕಿದ್ದು ಬರದ ಮಾತಿನಲ್ಲೇ.

ಪಕ್ಕದಲ್ಲಿ ಕೂತಿದ್ದ ರುಮಾಲಿನ ಹಿರಿಯರೊಬ್ಬರನ್ನು, "ಹಳೇ ಬರದ ಹಾಡು ಏನಾದರೂ ಗೊತ್ತೇನಜ್ಜಾ?" ಎಂದು ಕೇಳಿದೆ.

"ಹಾಡು ಗೊತ್ತಿಲ್ರೀ ಸರ. ಧಾತು ಬರ, ಈಶ್ವರ ಬರ ಅಂತ ನಮ್ಮ ಮುತ್ಯಾ ಅಂತಿದ್ದ."

"ಅದು ಯಾವ ಇಸವಿ?"

"ಇಸವಿ ಎಲ್ಲಿಂದ ತರ್ಲಿ? ಧಾತು ಅಂದ್ರ ಧಾತು!"

ಅವರ ಮಾತಿನಲ್ಲಿ ತಪ್ಪೇನೂ ಇಲ್ಲ. ದಕ್ಷಿಣ ಭಾರತವನ್ನು ಹಿಂಡಿದ 1876–78ರ ಮಹಾಕ್ಷಾಮ ಶುರುವಾದದ್ದು ಧಾತು ಸಂವತ್ಸರದಲ್ಲಿ, ಮರುವರ್ಷ ಈಶ್ವರ. ಕನ್ನಡ ನಾಡಿನಲ್ಲೂ ತೆಲುಗು ನಾಡಿನಲ್ಲೂ ಆ ಬರಕ್ಕೆ ಸಂವತ್ಸರದ ಹೆಸರೇ ನಿಂತುಬಿಟ್ಟಿತು. ಪ್ರಭವದಿಂದ ಅಕ್ಷಯದವರೆಗೆ ಅರವತ್ತು ಹೆಸರು. ಮುಗಿದ ಮೇಲೆ ಮತ್ತೆ ಪ್ರಭವ. ಪ್ರತಿ ಯುಗಾದಿಯ ಪಂಚಾಂಗ ಶ್ರವಣದಲ್ಲಿ ಮೊದಲು ಕೇಳಿಸುವುದು ಈ ಹೆಸರೇ. ಹುಟ್ಟಿದ ಸಂವತ್ಸರ ತಿರುಗಿ ಬಂತೆಂದೇ ನಾವು ಷಷ್ಟ್ಯಬ್ದಿ ಮಾಡುವುದು. ಅಕ್ಷರ ಬಾರದ ಹಾಡುಗಾರನಿಗೆ 'ಸಾವಿರದ ಎಂಟುನೂರ ಎಪ್ಪತ್ತಾರು' ಎಂಬುದಕ್ಕಿಂತ 'ಧಾತು' ಎಂಬ ಎರಡಕ್ಷರ ತಾಳಕ್ಕೂ ಸುಲಭ, ನೆನಪಿಗೂ ಸುಲಭ.

ತೊಡಕೂ ಅಲ್ಲೇ ಇದೆ. ಧಾತು 1876ರಲ್ಲಿ ಬಂತು. 1936ರಲ್ಲೂ ಬಂತು, 1996ರಲ್ಲೂ ಬಂತು. ಕಲ್ಲಿನ ಶಾಸನ ಬರೆಸಿದವರು ಇದನ್ನು ಅರಿತಿದ್ದರು. ಅದಕ್ಕೇ ಅವರು ಶಕವರ್ಷದ ಅಂಕೆಯನ್ನೂ ಸಂವತ್ಸರದ ಹೆಸರನ್ನೂ ಜೊತೆಯಾಗಿ ಕೆತ್ತಿಸಿದರು. ಹಾಡು ಅಂಕೆಯನ್ನು ದಾರಿಯಲ್ಲಿ ಬಿಟ್ಟು ಹೆಸರನ್ನಷ್ಟೇ ಹೊತ್ತು ತಂದಿತು. ಎರಡು ತಲೆಮಾರು ದಾಟಿದರೆ ಯಾವ ಧಾತು ಎಂದು ಹೇಳುವವರಿಲ್ಲ.

ಶಹಾಪುರದ ಹತ್ತಿರ ಬರುತ್ತಿದ್ದಂತೆ ಗುಡ್ಡಗಳ ಸಾಲು ಮಲಗಿದ ಬುದ್ಧನ ಆಕಾರ ತಾಳುತ್ತದೆ. ಬಸ್ಸಿನ ಕಿಟಕಿಯಿಂದ ಮಕ್ಕಳೆಲ್ಲ ಹಣೆ, ಮೂಗು, ಗದ್ದ ಎಂದು ಬೆರಳು ತೋರಿಸುತ್ತಾರೆ. ಈ ತಾಲ್ಲೂಕಿನ ಗೋಗಿಯಲ್ಲಿ ಬಿಜಾಪುರದ ಆದಿಲ್‌ಶಾಹಿ ಮನೆತನದ ಸ್ಥಾಪಕ ಯೂಸುಫ್ ಆದಿಲ್ ಶಾಹನ ಗೋರಿಯಿದೆ. ಅವನ ನಂತರದ ಮೂವರು ಸುಲ್ತಾನರೂ ಅಲ್ಲೇ, ಚಂದಾ ಹುಸೇನಿ ಎಂಬ ಸೂಫಿ ಸಂತರ ದರ್ಗಾದ ಆವರಣದಲ್ಲಿ ಮಲಗಿದ್ದಾರೆ. ಆ ಕಾಲದ ಪಾರಸಿ ಕವಿಗಳಿಗೆ ವರ್ಷ ಹೇಳುವ ಇನ್ನೊಂದು ಚಮತ್ಕಾರ ಗೊತ್ತಿತ್ತು. ಒಂದೊಂದು ಅಕ್ಷರಕ್ಕೂ ಒಂದೊಂದು ಅಂಕೆ. ಪದ್ಯದ ಕೊನೆಯ ಮಾತಿನ ಅಕ್ಷರಗಳನ್ನು ಕೂಡಿದರೆ ಹಿಜರಿ ವರ್ಷ ಬರಬೇಕು. ಲಾರಿಗಳ ಹಣೆಯ ಮೇಲೆ ಕಾಣುವ 786 ಇದೇ ಲೆಕ್ಕದಲ್ಲಿ 'ಬಿಸ್ಮಿಲ್ಲಾ' ವಾಕ್ಯದ ಮೊತ್ತ. ಇದು ಓದಿದವರ ಆಟ. ಮೊಹರಂ ಬಂದಾಗ ಇಲ್ಲಿನ ಹಳ್ಳಿಗಳಲ್ಲಿ ಹಿಂದೂ ಮುಸ್ಲಿಮರೆನ್ನದೆ ಕೂಡಿ ಹಾಡುವ ಕನ್ನಡದ ರಿವಾಯತ್ ಪದಗಳಿಗೆ ಈ ಲೆಕ್ಕ ಬೇಕಿಲ್ಲ. ಹಿಜರಿ 61ರಲ್ಲಿ, ಅಂದರೆ 680ರ ಅಕ್ಟೋಬರಿನಲ್ಲಿ ಕರ್ಬಲಾದಲ್ಲಿ ನಡೆದ ಕಾಳಗವನ್ನು ಅವರು ನಿನ್ನೆ ಮೊನ್ನೆ ನಡೆದಂತೆ ಹಾಡಿ ಅಳುತ್ತಾರೆ.

ಸುರಪುರ ಗುಡ್ಡಗಳ ನಡುವಿನ ಊರು. ಬೇಡ ನಾಯಕರ ರಾಜಧಾನಿ. ಹತ್ತಿರದ ವಾಗಿನಗೇರಿಯ ಕೋಟೆಗೆ 1705ರಲ್ಲಿ ಸ್ವತಃ ಔರಂಗಜೇಬನೇ ಮುತ್ತಿಗೆ ಹಾಕಿದ್ದ. ಮುದುಕ ಬಾದಶಹನ ಕೊನೆಯ ದಂಡಯಾತ್ರೆ ಅದು. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹಿಡಿಯಿತು. ತಾರಣ ಸಂವತ್ಸರದಲ್ಲಿ ಹೂಡಿದ ಮುತ್ತಿಗೆ ಪಾರ್ಥಿವದಲ್ಲಿ ಮುಗಿಯಿತು. ಎರಡೇ ವರ್ಷದಲ್ಲಿ ಅವನೂ ತೀರಿಕೊಂಡ.

ಆದರೆ ಸುರಪುರ ಎಂದೊಡನೆ ನೆನಪಾಗುವ ಹೆಸರು ರಾಜಾ ವೆಂಕಟಪ್ಪ ನಾಯಕ. ಅವನು 1834ರಲ್ಲಿ ಹುಟ್ಟಿದವ. ತಂದೆ ತೀರಿದಾಗ ಇನ್ನೂ ಹುಡುಗ. ಕಂಪನಿ ಸರ್ಕಾರ ಕಳಿಸಿದ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ 1853ರವರೆಗೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿದ್ದ. ಹುಡುಗ ಅವನನ್ನು 'ಅಪ್ಪ' ಎಂದೇ ಕರೆಯುತ್ತಿದ್ದನಂತೆ. ಗುಡ್ಡದ ಮೇಲೆ ಟೇಲರ್ ಕಟ್ಟಿಸಿಕೊಂಡ ಬಂಗಲೆಗೆ ಜನ ಇಂದಿಗೂ 'ಟೇಲರ್ ಮಂಜಿಲ್' ಎನ್ನುತ್ತಾರೆ. ಅಲ್ಲಿಂದ ನೋಡಿದರೆ ಊರು, ಕೆರೆ, ಬಂಡೆಗಳು ಎಲ್ಲ ಕಣ್ಣೆದುರೇ. ಈ ಟೇಲರನಿಗೆ ಇಸವಿಗಳ ಹುಚ್ಚು ಬಹಳ ಇತ್ತೆಂದು ಕಾಣುತ್ತದೆ. 'ತಾರಾ', 'ರಾಲ್ಫ್ ಡಾರ್ನೆಲ್', 'ಸೀತಾ' ಎಂಬ ಅವನ ಮೂರು ಕಾದಂಬರಿಗಳು ಕ್ರಮವಾಗಿ 1657, 1757, 1857ರ ಕಥೆಗಳು. ಪ್ಲಾಸಿ ಕದನವಾಗಿ ನೂರು ವರ್ಷಕ್ಕೆ ಕಂಪನಿಯ ಆಳ್ವಿಕೆ ಮುಗಿಯುತ್ತದೆಂಬ ಭವಿಷ್ಯವನ್ನು 1857ರಲ್ಲಿ ಉತ್ತರ ಹಿಂದುಸ್ಥಾನದ ಜನ ನಂಬಿದ್ದರು. ಸುರಪುರದಲ್ಲಿ ಇನ್ನೊಂದು ಭವಿಷ್ಯವಿತ್ತು. ರಾಜಕುಮಾರ ತನ್ನ 24ನೆಯ ವರ್ಷ ದಾಟಲಾರ ಎಂದು ಜಾತಕ ಬರೆದವರು ಹೇಳಿದ್ದರೆಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ.

1858ರ ಫೆಬ್ರವರಿಯಲ್ಲಿ ಕಂಪನಿಯ ಸೇನೆ ಸುರಪುರದ ಮೇಲೆ ಬಂತು. ಕ್ಯಾಪ್ಟನ್ ನ್ಯೂಬೆರಿ ಎಂಬ ಅಧಿಕಾರಿ ಸತ್ತ. ರಾಜ ಹೈದರಾಬಾದಿನಲ್ಲಿ ಸೆರೆಸಿಕ್ಕ. ಮರಣದಂಡನೆ ಗಡೀಪಾರಾಯಿತು, ಗಡೀಪಾರು ನಾಲ್ಕು ವರ್ಷದ ಸೆರೆಯಾಯಿತು. ಮದರಾಸಿನ ಕಡೆಯ ಚಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ಕಾವಲಿನ ಅಧಿಕಾರಿಯ ರಿವಾಲ್ವರಿನಿಂದ ಗುಂಡು ಹಾರಿತು. ರಾಜ ತಾನೇ ಹಾರಿಸಿಕೊಂಡನೆಂದು ಇಂಗ್ಲಿಷರ ದಾಖಲೆ. ಸುರಪುರದಲ್ಲಿ ಈ ಮಾತನ್ನು ಒಪ್ಪದವರು ಇದ್ದಾರೆ. ಕಾವಲಿನಲ್ಲಿದ್ದ ಕೈದಿಯ ಕೈಗೆ ರಿವಾಲ್ವರು ಹೇಗೆ ಬಂತು ಎಂದು ಅವರು ಕೇಳಿದರೆ ತಪ್ಪೆನ್ನುವುದು ಹೇಗೆ? 1860ರಲ್ಲಿ ಇಂಗ್ಲಿಷರು ಸುರಪುರವನ್ನು ನಿಜಾಮನಿಗೆ ಬಳುವಳಿಯಂತೆ ಕೊಟ್ಟುಬಿಟ್ಟರು.

ಹತ್ತನೆಯ ತರಗತಿಯ ಮಕ್ಕಳಿಗೆ ಇದು ಸಮಾಜ ವಿಜ್ಞಾನದ ಪಾಠ. ಪಾಠದಲ್ಲಿ ಅದಕ್ಕಿರುವುದು ಒಂದೇ ಹೆಸರು: 1858. ಸುರಪುರದ ಗುಡ್ಡದ ಮೇಲೆ ಕಾದಾಡಿದವರಿಗೆ ಆ ಅಂಕೆ ಗೊತ್ತಿತ್ತೆ? ಪಂಚಾಂಗದ ಪ್ರಕಾರ ಅದು ಶಕ 1779, ಪಿಂಗಳ ಸಂವತ್ಸರ. ಹಿಜರಿಯ ಪ್ರಕಾರ 1274. ರಾಜ ತೀರಿಕೊಂಡಾಗ ಯುಗಾದಿ ಕಳೆದು ಕಾಳಯುಕ್ತಿ ಬಂದಿತ್ತು. ಒಂದೇ ಊರು, ಒಂದೇ ಕಾಳಗ. ಯಾರ ಬಾಯಲ್ಲಿ ಕೇಳುತ್ತೀರಿ ಎಂಬುದರ ಮೇಲೆ ವರ್ಷ.

ಮತ್ತೆ ಲಾವಣಿಕಾರ ಏನು ಮಾಡಿದ? ಮಕ್ಕಳು ಓದುವ 'ಹಲಗಲಿ ಬೇಡರು' ಲಾವಣಿಯನ್ನೇ ನೋಡಿ. ಹಲಗಲಿ ಇರುವುದು ಈಗಿನ ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನಲ್ಲಿ. ದಂಗೆ ನಡೆದದ್ದು ಸುರಪುರದ ಕಾಳಗಕ್ಕಿಂತ ಕೆಲವೇ ತಿಂಗಳು ಮೊದಲು, 1857ರ ನವೆಂಬರಿನಲ್ಲಿ. ಜೆ.ಎಫ್. ಫ್ಲೀಟ್ ಎಂಬ ಅಧಿಕಾರಿ ಆ ಲಾವಣಿಯನ್ನು ಬರೆದುಕೊಂಡು 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಲಾವಣಿಯ ಹುರುಳು ಹತಾರುಗಳನ್ನು ಒಪ್ಪಿಸಿಬಿಡಿ ಎಂಬ ಕಂಪನಿಯ ಹುಕುಂ. ಆ ಹುಕುಮೇ ಅದರ ಇಸವಿ! ನಿಶ್ಶಸ್ತ್ರೀಕರಣದ ಕಾಯಿದೆ ಬಂದದ್ದು 1857ರಲ್ಲಿ ಎಂದು ತಿಳಿದವನಿಗೆ ಬೇರೆ ಅಂಕೆ ಬೇಡ. ಸುರಪುರದ ನಾಯಕರ ಮೇಲಿನ ಲಾವಣಿಗಳನ್ನು ಕೇಳುವಾಗಲೂ ಹೀಗೆ ಕಿವಿಗೊಡಬೇಕು. ಯಾವ ಅಧಿಕಾರಿಯ ಹೆಸರು, ಯಾವ ತೆರಿಗೆ, ಯಾವ ಹಬ್ಬದ ಹಿಂದುಮುಂದು ಎಂದು. ಫ್ಲೀಟನಂಥವರು ಬರೆದುಕೊಂಡದ್ದು ಉಳಿಯಿತು. ಹಾಡುವವರ ಜೊತೆಗೇ ಹೋದದ್ದು ಎಷ್ಟೋ.

ಮುಂದಾಗುವುದರ ವರ್ಷವನ್ನೂ ಹಾಡುವ ಜನ ಈ ಸೀಮೆಯವರು. ಹಿಂದೆ ಸುರಪುರ ತಾಲ್ಲೂಕಿಗೆ ಸೇರಿದ್ದು ಈಗ ಹುಣಸಗಿ ತಾಲ್ಲೂಕಿನಲ್ಲಿರುವ ಕೊಡೇಕಲ್ಲು ಬಸವಣ್ಣನವರ ಕಾಲಜ್ಞಾನಕ್ಕೆ ಹೆಸರಾದ ಊರು. ಜೇಗರ್ ಮತ್ತು ಇವಾನ್ಸ್ 2525ರಿಂದ ಶುರುಮಾಡಿ 9595ರವರೆಗೆ ಜಿಗಿದರು. ನಮ್ಮ ಕಾಲಜ್ಞಾನಿಗಳು ಸಾಮಾನ್ಯವಾಗಿ ಸಂವತ್ಸರದ ಹೆಸರು ಹೇಳಿ ಸುಮ್ಮನಾದರು. ಜಾಣತನ ನಮ್ಮವರದೇ. ಈ ಸಲದ ರಕ್ತಾಕ್ಷಿಯಲ್ಲಿ ಆಗದಿದ್ದರೆ ಮುಂದಿನ ರಕ್ತಾಕ್ಷಿ ಇದ್ದೇ ಇದೆಯಲ್ಲ!

ವಿದ್ಯಾರ್ಥಿಗಳಿಗೆ ಒಂದು ಲೆಕ್ಕ. ಇಸವಿಯಲ್ಲಿ 78 ಕಳೆದರೆ ಶಕವರ್ಷ (ಯುಗಾದಿಗೆ ಮೊದಲಿನ ತಿಂಗಳಾದರೆ 79). ಅದಕ್ಕೆ 12 ಕೂಡಿ 60ರಿಂದ ಭಾಗಿಸಿ. ಉಳಿದ ಶೇಷವೇ ಸಂವತ್ಸರದ ಸಂಖ್ಯೆ. ಶೇಷ ಸೊನ್ನೆಯಾದರೆ ಅಕ್ಷಯ. 1858ರ ಫೆಬ್ರವರಿಗೆ ಮಾಡಿ ನೋಡಿ: 1779ಕ್ಕೆ 12 ಕೂಡಿದರೆ 1791, ಶೇಷ 51, ಅದು ಪಿಂಗಳ. ಈ ಭಾಗದ ಮನೆಗಳಲ್ಲಿ ಇನ್ನೊಂದು ಲೆಕ್ಕವೂ ಬೇಕಾದೀತು. 1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯವರೆಗೆ ಇದು ನಿಜಾಮನ ರಾಜ್ಯ. ಕಚೇರಿಯ ವರ್ಷ ಫಸಲಿ. ಅಜ್ಜನ ಹಳೆಯ ಕಾಗದದಲ್ಲಿ 1345 ಎಂದಿದ್ದರೆ ಗಾಬರಿಯಾಗಬೇಡಿ. 590 ಕೂಡಿಸಿ, 1935ರ ಅಕ್ಟೋಬರಿನಿಂದಾಚೆಯ ವರ್ಷ ಸಿಕ್ಕುತ್ತದೆ. ಅಜ್ಜಿ ಮಾತ್ರ ಅದನ್ನು ಯುವ ಸಂವತ್ಸರ ಎಂದಾಳು. ಅವಳದೂ ಸರಿಯೇ.

ಈ ಮೂರು ಊರುಗಳನ್ನು ಎರಡು ದಿನದಲ್ಲಿ ನೋಡಬಹುದು. ಯಾದಗಿರಿ ವಾಡಿ–ರಾಯಚೂರು ರೈಲು ಮಾರ್ಗದಲ್ಲಿದೆ. ಅಲ್ಲಿಂದ ಶಹಾಪುರಕ್ಕೂ, ಶಹಾಪುರದಿಂದ ಸುರಪುರಕ್ಕೂ ಬಸ್ಸುಗಳುಂಟು. ಮಾರ್ಚಿಯಿಂದ ಮೇವರೆಗೆ ಬಿಸಿಲು ತಡೆಯಲಾಗದು. ರಿವಾಯತ್ ಪದ ಕೇಳುವ ಆಸೆಯಿದ್ದರೆ ಹೊರಡುವ ಮೊದಲು ಆ ವರ್ಷ ಮೊಹರಂ ಯಾವಾಗ ಎಂದು ವಿಚಾರಿಸಿಕೊಳ್ಳಿ. ಅದು ಪ್ರತಿವರ್ಷ ಹತ್ತು ಹನ್ನೊಂದು ದಿನ ಮುಂಚಿತವಾಗಿ ಬರುತ್ತದೆ.