ಹೂಂಗುಟ್ಟುವವರು ಬೇಕು

ರೇಡಿಯೊ ಕೇಳುವುದಕ್ಕೂ ಒಂದು ಕಾಲದಲ್ಲಿ ಲೈಸೆನ್ಸ್ ಬೇಕಿತ್ತು ಅಂದರೆ ಈಗಿನ ಮಕ್ಕಳು ನಂಬುತ್ತಾರೆಯೇ? ನಮ್ಮಜ್ಜ ವರ್ಷಕ್ಕೊಮ್ಮೆ ಪೋಸ್ಟಾಫೀಸಿಗೆ ಹೋಗಿ ಹಣ ಕಟ್ಟಿ, ಪುಟ್ಟ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದರು. ಕೇಳುವುದಕ್ಕೇ ಅಪ್ಪಣೆ ಬೇಕಾದಾಗ, ಮಾತಾಡುವ ಆಸೆ ಯಾರಿಗೆ ಹುಟ್ಟೀತು ಹೇಳಿ!

ಹುಟ್ಟಿತ್ತು, ಮೈಸೂರಿನಲ್ಲಿ. ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲೇ 30 ವ್ಯಾಟಿನ ಯಂತ್ರ ಇಟ್ಟು ಬಾನುಲಿ ಶುರುಮಾಡಿದರು. ‘ಆಕಾಶವಾಣಿ’ ಎಂಬ ಹೆಸರು ಮೊದಲು ಆ ಮನೆಗೆ ಬಂತು, ದೇಶಕ್ಕೆ ಆಮೇಲೆ. 30 ವ್ಯಾಟ್ ಎಂದರೆಷ್ಟು? ನಮ್ಮ ಹಳೆಯ ಬಚ್ಚಲುಮನೆಯ ಬಲ್ಬೇ 40 ವ್ಯಾಟಿನದಾಗಿತ್ತು!

ಎಲ್ಲಿಗೋ ಹೊರಟವನು ಮೈಸೂರಿನಲ್ಲಿ ಕೂತುಬಿಟ್ಟೆ. ನಾನು ಹೇಳಹೊರಟದ್ದು ಇನ್ನೂ ಆಚೆ, ಎಚ್.ಡಿ. ಕೋಟೆ ಸೀಮೆಯ ಸರಗೂರಿನ ವಿಷಯ. ಅಲ್ಲಿ ‘ಜನಧ್ವನಿ’ ಅನ್ನುವ ಸಮುದಾಯ ಬಾನುಲಿ ಇದೆ. ಸುತ್ತಲಿನ ಕಾಡಂಚಿನಲ್ಲಿ ಜೇನುಕುರುಬರ, ಕಾಡುಕುರುಬರ, ಯರವರ ಹಾಡಿಗಳು, ಅಂದರೆ ಕೇರಿಗಳು. ಹಾಡಿ! ಈ ಪದ ಕಿವಿಗೆ ಬಿದ್ದಾಗಲೆಲ್ಲ ನನಗೆ ‘ಹಾಡು’ ಎಂದೇ ಕೇಳಿಸುತ್ತದೆ. ವ್ಯುತ್ಪತ್ತಿಯವರು ಏನಾದರೂ ಹೇಳಲಿ, ಹಾಡಿಲ್ಲದ ಹಾಡಿಯನ್ನು ನಾನಂತೂ ಕಂಡಿಲ್ಲ.

ಇಂಥ ಬಾನುಲಿಗಳ ಹಿಂದೆ ಬಹುಕಾಲದ ಕಾಯುವಿಕೆಯಿದೆ. ರೇಡಿಯೊ ತರಂಗಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲೇ ಹೇಳಿತು. ಆದರೆ ಊರಿನ ಸಂಘಸಂಸ್ಥೆಗಳಿಗೆ ಲೈಸೆನ್ಸಿನ ಬಾಗಿಲು ತೆರೆದದ್ದು 2006ರಲ್ಲಿ. ಅಲ್ಲಿಯವರೆಗೆ ಸುಮ್ಮನಿರಲಾಗದ ಕೋಲಾರ ಸೀಮೆಯ ಬೂದಿಕೋಟೆಯವರು ‘ನಮ್ಮ ಧ್ವನಿ’ ಎಂಬ ತಮ್ಮ ಬಾನುಲಿಯನ್ನು ಗಾಳಿಯಲ್ಲಿ ಬಿಡದೆ ಕೇಬಲ್ ತಂತಿಯಲ್ಲೇ ಮನೆಮನೆಗೆ ಹರಿಸಿದರು. ಎಂಥ ಹಟ ನೋಡಿ!

ಬಾಗಿಲು ತೆರೆದ ಮೇಲೂ ಒಂದು ಅಗುಳಿ ಉಳಿದಿದೆ. ಸಮುದಾಯ ಬಾನುಲಿಯವರು ತಮ್ಮದೇ ಸುದ್ದಿ ಓದುವಂತಿಲ್ಲ, ಆಕಾಶವಾಣಿಯ ಸುದ್ದಿಯನ್ನು ತಿರುಚದೆ ಮರುಬಿತ್ತರಿಸಬಹುದು ಅಷ್ಟೆ. ಆದರೆ ಕತೆ ಹೇಳಬಹುದಲ್ಲ? ನಾಟಕ ಆಡಬಹುದಲ್ಲ? ಆನೆ ರಾಗಿಹೊಲಕ್ಕೆ ನುಗ್ಗಿದ ರಾತ್ರಿಯನ್ನು, ಕಬಿನಿಯ ಹಿನ್ನೀರಿಗೆ ನೆಲ ಬಿಟ್ಟುಕೊಟ್ಟವರ ನೆನಪನ್ನು ಹಾಡಿನಲ್ಲಿ ಕಟ್ಟಬಹುದಲ್ಲ? ಹಾಗಾಗಿ ಹಾಡಿಯ ಹುಡುಗ ಹುಡುಗಿಯರಿಗೆ ಬಾನುಲಿಯ ತರಬೇತಿ ಕೊಡುವಾಗ ಕಲೆಯೇ ಮೊದಲ ಪಾಠವಾಗಬೇಕು ಅನ್ನುವವನು ನಾನು. ಮೈಕನ್ನು ಬಾಯಿಂದ ಒಂದು ಗೇಣು ದೂರ ಹಿಡಿಯುವುದು, ಗಾಳಿ ಹೊಡೆಯದಂತೆ ಅದಕ್ಕೆ ಬಟ್ಟೆ ಸುತ್ತುವುದು ಒಂದು ಮಧ್ಯಾಹ್ನದಲ್ಲಿ ಬಂದುಬಿಡುತ್ತದೆ.

ಬರದೇ ಇರುವುದು ಯಾವುದು ಗೊತ್ತೇ? ಇಂಥದೇ ಒಂದು ತರಬೇತಿ ಶಿಬಿರಕ್ಕೆ ಹೋಗಿದ್ದೆ. ಮುದುಕಿಯೊಬ್ಬಳು ತನ್ನ ನುಡಿಯಲ್ಲಿ ಜೇನು ಕೀಳುವ ಕತೆ ಹೇಳಿದಳು. ಪಕ್ಕದಲ್ಲಿ ಮೊಮ್ಮಗಳು ಕೂತು ‘ಹೂಂ... ಹೂಂ...’ ಅನ್ನುತ್ತಿದ್ದಳು. ಸಂಜೆ ಕಂಪ್ಯೂಟರಿನ ಮುಂದೆ ಕೂತ ಹುಡುಗ, ತರಬೇತಿಯಲ್ಲಿ ಹೇಳಿಕೊಟ್ಟಂತೆಯೇ, ಬೇಡದ ಸದ್ದುಗಳನ್ನೆಲ್ಲ ಕತ್ತರಿಸಿದ. ಹಿಂದೆ ಕೂಗಿದ ಕೋಳಿ ಹೋಯಿತು, ಮುದುಕಿ ಉಸಿರೆಳೆದುಕೊಂಡದ್ದು ಹೋಯಿತು, ಎಲ್ಲ ಹೂಂಗಳೂ ಹೋದವು. ಹತ್ತು ನಿಮಿಷದ ಕತೆ ಆರಕ್ಕಿಳಿಯಿತು. ಎಷ್ಟು ಚೊಕ್ಕಟವಾಗಿತ್ತೆಂದರೆ, ಪಂಚಾಯಿತಿಯ ಪ್ರಕಟಣೆಯೇ ಇರಬೇಕು ಅನಿಸಿತು.

ಅದನ್ನು ಕೇಳಿಸಿದಾಗ ಮುದುಕಿ ಕೇಳಿದ್ದು ಒಂದೇ ಮಾತು: ‘ಇದನ್ನ ನಾನು ಯಾರಿಗೆ ಹೇಳ್ತಾ ಇವ್ನಿ?’

ನಮ್ಮಜ್ಜಿಯೂ ಹಾಗೆಯೇ ಅಲ್ಲವೇ? ನಮ್ಮ ಹೂಂ ನಿಂತ ಕೂಡಲೇ ಮಕ್ಕಳು ಮಲಗಿದವು ಎಂದು ರಾಜಕುಮಾರನನ್ನು ಏಳು ಸಮುದ್ರದ ಆಚೆಗೇ ಬಿಟ್ಟು ಎದ್ದುಹೋಗುತ್ತಿದ್ದಳು. ಎಷ್ಟು ರಾಜಕುಮಾರರು ಇನ್ನೂ ಅಲ್ಲೇ ನಿಂತಿದ್ದಾರೋ!

ಹುಡುಗ ಜಾಣ. ಮೂಲ ಧ್ವನಿಮುದ್ರಣವನ್ನು ಅಳಿಸಿರಲಿಲ್ಲ. ರಾತ್ರಿ ಊಟ ಮುಗಿಸಿ ಮತ್ತೆ ಕೂತ. ಹೂಂಗಳನ್ನು ಒಂದೊಂದಾಗಿ ವಾಪಸು ತಂದ, ಕೋಳಿಯನ್ನೂ ಕರೆತಂದ. ಮೊಮ್ಮಗಳು ಹಿಂದೆ ನಿಂತು, ತನ್ನದೇ ದನಿಗೆ ಮತ್ತೊಮ್ಮೆ ಹೂಂಗುಡುತ್ತಿದ್ದಳು.